ಮಗ್ ಕೇಕಿಗೆ ಯಾವ ಬಾಳೆಹಣ್ಣು? ರಸಬಾಳೆ, ಏಲಕ್ಕಿ, ಪಚ್ಚಬಾಳೆ ಮೂರನ್ನೂ ಮೈಕ್ರೋವೇವ್‌ನಲ್ಲಿಟ್ಟು ನೋಡಿದೆ

ಮೊದಲೇ ಹೇಳಿಬಿಡುತ್ತೇನೆ, ಮಗ್ ಕೇಕಿಗೆ, ಅಂದರೆ ಮಗ್‌ನಲ್ಲೇ ಹಾಕಿ ಮೈಕ್ರೋವೇವ್‌ನಲ್ಲಿ ಬೇಯಿಸುವ ಒಬ್ಬರ ಅಳತೆಯ ಕೇಕಿಗೆ, ನಂಜನಗೂಡು ರಸಬಾಳೆ ಬೇಡ. ಮೈಸೂರಲ್ಲಿದ್ದುಕೊಂಡು ಈ ಮಾತು ಹೇಳಿದರೆ ಬೈಸಿಕೊಳ್ಳಬೇಕಾಗುತ್ತದೆ, ಗೊತ್ತು. ಆದರೆ ಅದೇ ಮಗ್, ಅದೇ ಅಳತೆ, ಅದೇ ಓವನ್ ಇಟ್ಟುಕೊಂಡು ಬರೀ ಹಣ್ಣು ಬದಲಿಸಿ ನೋಡಿದ್ದೇನೆ. ಆಮೇಲೆ ಹಿಟ್ಟು ಬದಲಿಸಿದೆ, ಮೊಟ್ಟೆ ಬಿಟ್ಟು ಮೊಸರು ಹಾಕಿದೆ, ಸಕ್ಕರೆ ಬಿಟ್ಟು ಬೆಲ್ಲ ಹಾಕಿದೆ. ಹಣ್ಣಿನ ಮಟ್ಟಿಗೆ ಗೆದ್ದಿದ್ದು ಯಾರೂ ಮುಟ್ಟದೆ ಬುಟ್ಟಿಯಲ್ಲಿ ಕಪ್ಪಾಗುತ್ತಾ ಕೂತಿರುತ್ತದಲ್ಲ, ಆ ಪಚ್ಚಬಾಳೆ.

ಅಳತೆ ಇಷ್ಟೇ. ಹಿಟ್ಟು 4 ಟೇಬಲ್ ಚಮಚ, ಕಿವುಚಿದ ಹಣ್ಣು 4 ಚಮಚ, ಸಿಹಿ ಒಂದೂವರೆ ಚಮಚ, ಎಣ್ಣೆ 1 ಚಮಚ, ಮೊಸರು 2 ಚಮಚ. ಅಡುಗೆ ಸೋಡ ಟೀ ಚಮಚದ ಎಂಟನೇ ಒಂದು ಭಾಗ, ಅಂದರೆ ಎರಡು ಬೆರಳಲ್ಲಿ ಹಿಡಿದಷ್ಟು. ಒಂದು ಕಲ್ಲು ಉಪ್ಪು, ಒಂದು ಏಲಕ್ಕಿಯ ಪುಡಿ. ಮಗ್ 300 ಎಂಎಲ್‌ಗಿಂತ ದೊಡ್ಡದಿರಲಿ, ಅರ್ಧಕ್ಕಿಂತ ಜಾಸ್ತಿ ತುಂಬಬೇಡಿ, ಉಕ್ಕಿ ಬಂದರೆ ಓವನ್ ಒರೆಸೋದೇ ಒಂದು ಕೆಲಸ ಆಗುತ್ತದೆ. 800 ವಾಟ್‌ನ ಓವನ್‌ನಲ್ಲಿ 90 ಸೆಕೆಂಡು. 700 ವಾಟ್ ಆದರೆ ಇನ್ನೊಂದು 15 ಸೆಕೆಂಡು. ನಿಮ್ಮದು ಎಷ್ಟು ವಾಟ್ ಅಂತ ಬಾಗಿಲ ಹತ್ತಿರ ಅಥವಾ ಹಿಂದುಗಡೆ ಚೀಟಿಯಲ್ಲಿ ಬರೆದಿರುತ್ತದೆ. ಅಲ್ಲಿ ಎರಡು ಸಂಖ್ಯೆ ಇದ್ದರೆ ಚಿಕ್ಕದನ್ನು ನೋಡಿ. ದೊಡ್ಡದು ಕರೆಂಟ್ ಎಳೆಯುವ ಲೆಕ್ಕ, ಚಿಕ್ಕದು ಅಡುಗೆಗೆ ಸಿಗುವ ಶಕ್ತಿ.

ಈಗ ಹಣ್ಣಿನ ವಿಷಯ. ಜಗಳ ಇರೋದೇ ಇಲ್ಲಿ.

ರಸಬಾಳೆಯಿಂದಲೇ ಶುರು ಮಾಡೋಣ. ಇದು ಈ ಊರಿನದೇ ಅಂತ ಗುರುತಿಸುವ ಜಿಐ ಟ್ಯಾಗ್ ಇರುವ ಹಣ್ಣು, ನಂಜನಗೂಡಿನ ಹತ್ತಿರದ ದೇವರಸನಹಳ್ಳಿ ಕಡೆಯ ಮಣ್ಣಿಗೆ ಹೆಸರಾದದ್ದು. ಪನಾಮಾ ಸೊರಗು ರೋಗ ಬಂದು ತೋಟಗಳು ಹಾಳಾದವು, ಆ ರೋಗದ ಶಿಲೀಂಧ್ರ ಮಣ್ಣಲ್ಲೇ ವರ್ಷಗಟ್ಟಲೆ ಉಳಿದುಬಿಡುತ್ತದೆ, ಹಾಗಾಗಿ ಬೆಳೆಯುವವರೇ ಕಡಿಮೆಯಾದರು. ಇವತ್ತಿಗೂ ನಿಜವಾದ ರಸಬಾಳೆ ಸಿಕ್ಕಿತು ಅಂದರೆ ಅದೃಷ್ಟ. ಸುಮ್ನೆ ರಸಬಾಳೆ ಅಂತ ಹೇಳಿ ಬೇರೆ ಯಾವುದನ್ನೋ ಕೈಗಿಡುವವರೂ ಇದ್ದಾರೆ. ನನಗೆ ಸಿಕ್ಕಿದ್ದು ಪರಿಚಯದವರ ತೋಟದ್ದು, ಅನುಮಾನ ಇಲ್ಲ. ಸಿಪ್ಪೆ ತೆಳ್ಳಗೆ, ಮೇಲೆ ಕಪ್ಪು ಚುಕ್ಕಿ, ಒಳಗೆ ಬೆಣ್ಣೆ. ಕಿವುಚುವಾಗ ಅಡುಗೆಮನೆ ಪೂರ್ತಿ ಘಮ್ಮಂತು. ಓವನ್ ಬಾಗಿಲು ತೆಗೆದಾಗ ಇನ್ನೂ ಜಾಸ್ತಿ ಘಮ. ಅಷ್ಟೇ ನೋಡಿ, ಘಮ ಎಲ್ಲ ಹೊರಗೆ ಬಂತು. ಆ ವಾಸನೆ ಇರುವುದೇ ಹಗುರವಾಗಿ ಹಾರಿಹೋಗುವಂಥದ್ದು, ಒಂದೂವರೆ ನಿಮಿಷ ಕುದಿಯುವ ಆವಿಯ ಜೊತೆ ಸಿಕ್ಕಿದರೆ ಹೋಗಿಯೇ ಹೋಗುತ್ತದೆ. ಬಾಯಿಗೆ ಇಟ್ಟರೆ ಮೃದು ಇದೆ, ಸಿಹಿ ಇದೆ, ಆದರೆ ಇದು ರಸಬಾಳೆ ಅಂತ ಕಣ್ಣು ಮುಚ್ಚಿ ಹೇಳೋಕೆ ಆಗಲಿಲ್ಲ. ಅಷ್ಟು ಹುಡುಕಿ ತಂದ ಹಣ್ಣನ್ನು ಸೋಡ ಹಾಕಿ ಬೇಯಿಸೋದು ಪಾಪ ಅನ್ನಿಸಿತು. ಅದನ್ನು ಸುಲಿದು ತಿನ್ನಿ, ಹೆಚ್ಚೆಂದರೆ ರಸಾಯನ ಮಾಡಿ.

ಏಲಕ್ಕಿ ಬಾಳೆ ಕಥೆ ಬೇರೆ. ದೇವರಾಜ ಮಾರುಕಟ್ಟೆಯ ಬಾಳೆಹಣ್ಣಿನ ಸಾಲಿಗೆ ಹೋದರೆ ಕಣ್ಣಿಗೆ ಬೀಳೋದೇ ಇದು. ಪೂಜೆಗೆ ಇದು, ತಾಂಬೂಲಕ್ಕೆ ಇದು, ಊಟ ಆದ ಮೇಲೆ ಇದು. ಹಾಗಾಗಿ ಮನೆಯಲ್ಲಿ ಯಾವಾಗಲೂ ಉಳಿದಿರುವುದೂ ಇದೇ, ತೊಟ್ಟು ಕಳಚಿ ಒಂದೊಂದೇ ಉದುರುತ್ತಾ ಇರುತ್ತದೆ. ಎರಡು ಚಿಕ್ಕ ಹಣ್ಣು ಕಿವುಚಿದರೆ ನಾಲ್ಕು ಚಮಚಕ್ಕೆ ಸರಿಹೋಗುತ್ತದೆ. ತಿರುಳು ಗಟ್ಟಿ, ನೀರಿನಂಶ ಕಡಿಮೆ, ಫೋರ್ಕ್‌ನಲ್ಲಿ ಎಷ್ಟು ಕಿವುಚಿದರೂ ಅಲ್ಲಲ್ಲಿ ಗಂಟು ಉಳಿಯುತ್ತದೆ. ಕೇಕು ಸ್ವಲ್ಪ ಒಣಗಿದ ಹಾಗೆ ಬಂತು. ಇನ್ನೊಂದು ಚಮಚ ಹಾಲು ಹಾಕಿದರೆ ಸರಿಹೋಗುತ್ತದೆ. ಆದರೆ ಇದರಲ್ಲೊಂದು ಒಳ್ಳೆಯ ಗುಣ ಇದೆ, ಸಣ್ಣಗೆ ಹುಳಿ. ಬೆಲ್ಲದ ಜೊತೆ ಆ ಹುಳಿ ಬಹಳ ಚೆನ್ನಾಗಿ ಕೂರುತ್ತದೆ, ಬರೀ ಸಿಹಿ ಸಿಹಿ ಅನ್ನಿಸೋದಿಲ್ಲ. ಸಿಹಿ ಕಡಿಮೆ ತಿನ್ನುವವರಿಗೆ ನಾನು ಇದನ್ನೇ ಹೇಳೋದು.

ಪಚ್ಚಬಾಳೆಗೆ ನಮ್ಮ ಕಡೆ ಮರ್ಯಾದೆ ಕಡಿಮೆ. ಶೀತ ಅಂತಾರೆ, ದೇವರಿಗೆ ಇಡೋಲ್ಲ, ಬಸ್ ಸ್ಟ್ಯಾಂಡಿನಲ್ಲಿ ಹಸಿವಾದಾಗ ತಿನ್ನುವ ಹಣ್ಣು ಅಂತ ಲೆಕ್ಕ. ಆದರೆ ಬಾಳೆಹಣ್ಣಿನ ಕೇಕು ಅನ್ನೋದು ಹುಟ್ಟಿದ ದೇಶಗಳಲ್ಲಿ ಅಂಗಡಿಯಲ್ಲಿ ಸಿಗುವುದು ಇದೇ ಕ್ಯಾವೆಂಡಿಷ್ ಜಾತಿ. ಅಲ್ಲಿನ ಈಗಿನ ಅಳತೆಗಳು ಈ ಹಣ್ಣಿನ ನೀರಿನಂಶಕ್ಕೆ ಹೊಂದುವಂಥವು. ನಾವು ಆ ಅಳತೆಗೆ ಏಲಕ್ಕಿ ಬಾಳೆ ಹಾಕಿ, ಯಾಕೋ ಗಟ್ಟಿಯಾಯ್ತು ಅಂತ ಓವನ್ನಿಗೆ ಬೈಯುತ್ತೇವೆ. ಪಚ್ಚಬಾಳೆ ಪೂರ್ತಿ ಹಣ್ಣಾಗಬೇಕು, ಸಿಪ್ಪೆ ಅರ್ಧಕ್ಕಿಂತ ಜಾಸ್ತಿ ಕಪ್ಪಾಗಿರಬೇಕು. ಕಾಯಿಯಲ್ಲಿ ತುಂಬಿರುವ ಪಿಷ್ಟ ಹಣ್ಣಾಗುತ್ತಾ ಸಕ್ಕರೆಯಾಗುತ್ತದೆ, ಕಪ್ಪಾಗುವ ಹೊತ್ತಿಗೆ ಪಿಷ್ಟ ಹೆಚ್ಚೂಕಡಿಮೆ ಮುಗಿದೇ ಹೋಗಿರುತ್ತದೆ. ಅಂಥ ಹಣ್ಣು ಚಮಚ ತಾಗಿಸಿದರೆ ಸಾಕು, ತಾನಾಗಿ ಗಂಜಿಯಾಗುತ್ತದೆ. ಗಂಟಿಲ್ಲ. ಕೇಕು ಉಬ್ಬಿತು, ಒಳಗೆ ತೇವ ಉಳಿಯಿತು, ಆರಿದ ಮೇಲೂ ಹತ್ತು ನಿಮಿಷ ಮೆತ್ತಗೇ ಇತ್ತು. ಮಗ್ ಕೇಕಿಗೆ ಅದಕ್ಕಿಂತ ದೊಡ್ಡ ಪರೀಕ್ಷೆ ಇಲ್ಲ.

ಹಳದಿಯಾಗಿ ಗಟ್ಟಿ ಇರುವ ಪಚ್ಚಬಾಳೆ ಹಾಕಿದರೆ ಈ ಯಾವುದೂ ಆಗುವುದಿಲ್ಲ, ಅದಕ್ಕಿಂತ ಏಲಕ್ಕಿಯೇ ಮೇಲು. ನೇಂದ್ರ ಬಾಳೆಯನ್ನೂ ನೋಡಿದೆ, ಅದು ಚಿಪ್ಸಿಗೇ ಇರಲಿ.

ಮೊಟ್ಟೆಯೋ ಮೊಸರೋ? ಮೊಟ್ಟೆ ತಿನ್ನುವ ಮನೆಯವರೂ ಇಲ್ಲಿ ಮೊಸರೇ ಹಾಕಿ ಅಂತೀನಿ. ಲೆಕ್ಕ ಸರಳ. ಒಂದು ಮೊಟ್ಟೆ ಸಿಪ್ಪೆ ತೆಗೆದರೆ ಸುಮಾರು 50 ಗ್ರಾಂ, ನಾಲ್ಕು ಚಮಚ ಮೈದಾ 30 ಗ್ರಾಂ ಚಿಲ್ಲರೆ. ಹಿಟ್ಟಿಗಿಂತ ಮೊಟ್ಟೆಯೇ ಜಾಸ್ತಿಯಾದರೆ ಅದು ಕೇಕು ಹೇಗಾಗುತ್ತದೆ, ಸಿಹಿ ಆಮ್ಲೆಟ್ ಆಗುತ್ತದೆ. ಬಿಳಿಭಾಗದ ಪ್ರೋಟೀನು ಬಿಸಿಗೆ ಬಿಗಿಯುತ್ತಾ ಹೋಗುತ್ತದೆ, ಮೈಕ್ರೋವೇವ್‌ನಲ್ಲಿ ಹತ್ತು ಸೆಕೆಂಡು ಜಾಸ್ತಿಯಾದರೂ ರಬ್ಬರು. ಮೊಟ್ಟೆ ಬೇಕೇ ಬೇಕು ಅಂದರೆ ಹಳದಿ ಮಾತ್ರ ಹಾಕಿ, ಜೊತೆಗೆ ಎರಡು ಚಮಚ ಹಾಲು. ಮೊಸರು ಬಿಟ್ಟರೆ ಸೋಡದ ಬದಲು ಕಾಲು ಟೀ ಚಮಚ ಬೇಕಿಂಗ್ ಪೌಡರ್ ಬೇಕು. ಇದು ಚೆನ್ನಾಗಿಯೇ ಬಂತು, ಬಣ್ಣವೂ ಬಂತು. ಉಳಿದ ಬಿಳಿಭಾಗ ಏನು ಮಾಡೋದು ಅನ್ನೋದು ಇನ್ನೊಂದು ತಲೆನೋವು.

ಮೊಸರು ಹಾಕುವುದಾದರೆ ಹಿಂದಿನ ದಿನದ, ಸ್ವಲ್ಪ ಹುಳಿಯಾದದ್ದು ಒಳ್ಳೆಯದು. ಆ ಹುಳಿಗೆ ಸೋಡ ಕಲೆತ ತಕ್ಷಣ ಗುಳ್ಳೆ ಏಳಲು ಶುರುವಾಗುತ್ತದೆ, ಆದ್ದರಿಂದ ಕಲೆಸಿಟ್ಟು ಫೋನ್ ನೋಡುತ್ತಾ ಕೂರಬೇಡಿ. ಸೋಡ ಕೊನೆಯಲ್ಲಿ, ನಾಲ್ಕು ಸುತ್ತು, ಸೀದಾ ಓವನ್ನಿಗೆ. ಸೋಡ ಒಂದು ಚೂರು ಜಾಸ್ತಿಯಾದರೆ ಸೋಪಿನ ರುಚಿ, ಅದನ್ನು ಯಾವ ಏಲಕ್ಕಿ ಪುಡಿಯೂ ಮುಚ್ಚುವುದಿಲ್ಲ.

ಹಿಟ್ಟಿನಲ್ಲಿ ನನಗೆ ಆಶ್ಚರ್ಯ ಆಗಿದ್ದು ಗೋಧಿ. ಮೈದಾ ಗೆಲ್ಲುತ್ತದೆ ಅಂದುಕೊಂಡಿದ್ದೆ, ಎತ್ತರಕ್ಕೆ ಉಬ್ಬಿದ್ದು ಅದೇ ನಿಜ. ಆದರೆ ಮೈದಾಗೆ ತಾಳ್ಮೆ ಇಲ್ಲ. ಸ್ವಲ್ಪ ಜಾಸ್ತಿ ತಿರುವಿದರೂ ಅಂಟು ಎಳೆದುಕೊಂಡು ಕೇಕು ಜಗಿಯೋ ಹಾಗಾಗುತ್ತದೆ. ಚಪಾತಿಗೆ ಇಡುವ ಗೋಧಿ ಹಿಟ್ಟು ಅಷ್ಟು ಉಬ್ಬಲಿಲ್ಲ, ನೀರೂ ಜಾಸ್ತಿ ಕುಡಿಯಿತು, ಒಂದು ಚಮಚ ಹಾಲು ಹೆಚ್ಚಿಗೆ ಬೇಕಾಯಿತು. ಆದರೆ ಅದರ ತೌಡಿನ ರುಚಿ ಬಾಳೆಹಣ್ಣಿಗೆ ಹೇಳಿ ಮಾಡಿಸಿದ್ದು, ಹೊಟ್ಟೆಗೂ ಒಂದಿಷ್ಟು ತಿಂದ ಹಾಗೆ ಇರುತ್ತದೆ. ಸಂಜೆ ಐದಕ್ಕೆ ಶಾಲೆಯಿಂದ ಬಂದ ಮಗುವಿಗೆ ಕೊಡೋದಾದರೆ ಗೋಧಿ ಹಾಕಿ. ಚಿರೋಟಿ ರವೆ ಹಾಕಿದ್ದು ಪುಡಿಪುಡಿಯಾಗಿ ತುಂಬ ಚೆನ್ನಾಗಿತ್ತು, ಆದರೆ ಮೊದಲು ಹತ್ತು ನಿಮಿಷ ನೆನೆಯಲೇಬೇಕು. ಅಷ್ಟು ಹೊತ್ತಿದ್ದರೆ ಮೈಕ್ರೋವೇವ್ ಯಾಕೆ, ಅಲ್ವಾ?

ರಾಗಿ ಕೇಳದೆ ಬಿಡೋದಿಲ್ಲ ಮಂಡ್ಯದವರು. ಪೂರ್ತಿ ರಾಗಿ ಹಿಟ್ಟು ಹಾಕಿದರೆ ಮಗ್‌ನೊಳಗೆ ಮುದ್ದೆ ಕೂತ ಹಾಗೆ ಇರುತ್ತದೆ, ಅದೂ ಸಾರಿಲ್ಲದ ಮುದ್ದೆ. ಅಂಟೇ ಇಲ್ಲದ ಹಿಟ್ಟು, ಗುಳ್ಳೆಯನ್ನು ಹಿಡಿದಿಟ್ಟುಕೊಳ್ಳೋದಿಲ್ಲ. ಅರ್ಧ ರಾಗಿ, ಅರ್ಧ ಗೋಧಿ ಅಥವಾ ಮೈದಾ ಮಾಡಿ, ಬೆಲ್ಲ ಹಾಕಿ, ಅರ್ಧ ಚಮಚ ಕೋಕೋ ಇದ್ದರೆ ಅದನ್ನೂ ಸೇರಿಸಿ. ರಾಗಿ ಅಂತ ಹೇಳದೆ ಕೊಟ್ಟರೆ ಯಾರಿಗೂ ಗೊತ್ತಾಗಲ್ಲ.

ಸಕ್ಕರೆ ಬೆಲ್ಲದ ಮಾತಿಗೆ ಬಂದರೆ, ಇದು ಬರೀ ರುಚಿಯ ಪ್ರಶ್ನೆ ಅಲ್ಲ. ಮೈಕ್ರೋವೇವ್ ನೀರಿನ ಕಣಗಳನ್ನು ಬಿಸಿ ಮಾಡುತ್ತದೆ, ಓವನ್ ಒಳಗಿನ ಗಾಳಿ ತಣ್ಣಗೇ ಇರುತ್ತದೆ. ತೇವ ಇರುವವರೆಗೂ ಕೇಕಿನ ಮೇಲ್ಭಾಗ 100 ಡಿಗ್ರಿ ದಾಟುವುದಿಲ್ಲ. ಬೇಕರಿ ಕೇಕಿಗೆ ಬರುವ ಕಂದು ಬಣ್ಣ, ಆ ಸುಟ್ಟ ಸಕ್ಕರೆಯ ವಾಸನೆ, ಇದಕ್ಕೆ ಬರೋದೇ ಇಲ್ಲ. ಸಕ್ಕರೆ ಹಾಕಿದ ಕೇಕು ಬಿಳಿಚಿಕೊಂಡು ಬೂದುಬಣ್ಣಕ್ಕೆ ಬಂತು, ನೋಡಿದರೆ ತಿನ್ನೋ ಮನಸ್ಸಾಗಲ್ಲ. ಬೆಲ್ಲ ಆ ಕೊರತೆಯನ್ನು ತುಂಬುತ್ತದೆ. ಆಲೆಮನೆಯಲ್ಲಿ ಗಂಟೆಗಟ್ಟಲೆ ಕುದ್ದು ಬಂದಿರುವುದರಿಂದ ಬಣ್ಣವನ್ನೂ ಕಾದ ವಾಸನೆಯನ್ನೂ ಅದು ಮೊದಲೇ ತಂದಿರುತ್ತದೆ. ಸೋಡ ಸೇರಿದಾಗ ಇನ್ನೂ ಕಪ್ಪಾಗುತ್ತದೆ. ಮಂಡ್ಯದ ಅಚ್ಚು ಬೆಲ್ಲದಲ್ಲೂ ಹೊಳೆಯುವ ಹಳದಿಯದಕ್ಕಿಂತ ಕಪ್ಪಗಿರುವುದನ್ನೇ ಆರಿಸಿ. ಹಳದಿ ಬರಲಿ ಅಂತ ರಾಸಾಯನಿಕ ಹಾಕುವುದುಂಟು, ರುಚಿಯೂ ಅದರಲ್ಲಿ ಸಪ್ಪೆ. ಹೆರೆದು ಹಾಕಿ, ಮೊಸರಿನ ಜೊತೆ ಮೊದಲು ಕರಗಿಸಿಕೊಳ್ಳಿ. ಹೆರೆಯದೆ ತುಂಡು ಹಾಕಿದರೆ ಅಲ್ಲೊಂದು ಕಡೆ ಕುದಿಯುವ ಪಾಕವಾಗಿ ನಾಲಿಗೆ ಸುಡುತ್ತದೆ. ಕಲ್ಲು ಮಣ್ಣಿನ ಅನುಮಾನ ಇದ್ದರೆ ಪುಡಿ ಬೆಲ್ಲವೇ ವಾಸಿ.

ತುಪ್ಪ ಮತ್ತು ಎಣ್ಣೆ: ಬಿಸಿಯಾಗಿ ತಿಂದರೆ ತುಪ್ಪ, ಆರಿಸಿ ತಿಂದರೆ ಎಣ್ಣೆ. ತುಪ್ಪ ಡಿಸೆಂಬರಿನ ಮೈಸೂರಲ್ಲಿ ಬೇಗ ಹೆಪ್ಪಾಗುತ್ತದೆ, ಕೇಕೂ ಜೊತೆಗೆ ಗಟ್ಟಿಯಾಗುತ್ತದೆ. ಸೂರ್ಯಕಾಂತಿ ಎಣ್ಣೆ ಹಾಕಿ, ಮೇಲೆ ಅರ್ಧ ಚಮಚ ನಂದಿನಿ ತುಪ್ಪ ಸವರೋದು ನನ್ನ ದಾರಿ.

ಪಾತ್ರೆಯೂ ಆಟ ಆಡುತ್ತದೆ. ಎತ್ತರದ ಕಾಫಿ ಮಗ್ ಚಿತ್ರಕ್ಕೆ ಚೆಂದ, ಆದರೆ ಅಲೆಗಳು ಹೊರಗಿನಿಂದ ಎರಡು ಮೂರು ಸೆಂಟಿಮೀಟರಿನಷ್ಟೇ ಚೆನ್ನಾಗಿ ಒಳಗೆ ಹೋಗುತ್ತವೆ, ನಡುವೆ ತಳದಲ್ಲಿ ಹಸಿ ಹಿಟ್ಟು ಉಳಿಯುತ್ತದೆ. ಅಗಲ ಬಾಯಿಯ ಪಿಂಗಾಣಿ ಬಟ್ಟಲು ಎಲ್ಲ ರೀತಿಯಲ್ಲೂ ಮೇಲು. ತಿರುಗುವ ತಟ್ಟೆಯ ನಡುವೆ ಇಡದೆ ಅಂಚಿಗೆ ಇಡಿ, ಸುತ್ತುತ್ತಾ ಎಲ್ಲ ಕಡೆ ಬೇಯುತ್ತದೆ. ಮೇಲ್ಭಾಗ ಇನ್ನೂ ಸ್ವಲ್ಪ ಹಸಿ ಹೊಳಪು ಇರುವಾಗಲೇ ಹೊರಗೆ ತೆಗೆದು ಒಂದು ನಿಮಿಷ ಸುಮ್ನೆ ಬಿಡಿ, ಉಳಿದದ್ದು ಒಳಗಿನ ಬಿಸಿಗೇ ಬೇಯುತ್ತದೆ. ಸ್ಟೀಲ್ ಲೋಟ ಇಡಬಾರದು ಅಂತ ಎಲ್ಲರಿಗೂ ಗೊತ್ತು. ಮದುವೆಯಲ್ಲಿ ಉಡುಗೊರೆ ಬಂದ ಚಿನ್ನದ ಅಂಚಿನ ಕಪ್ಪೂ ಇಡಬಾರದು, ಆ ಅಂಚು ಲೋಹವೇ, ಕಿಡಿ ಹಾರುತ್ತದೆ.

ಕೊನೆಗೆ ಒಂದು ತಕರಾರು, ಮೈಕ್ರೋವೇವ್ ಮೇಲೆಯೇ. ಅದೇ ಹಿಟ್ಟನ್ನು ಪಡ್ಡು ಕಾವಲಿಗೆ ಹಾಕಿ ನೋಡಿದೆ. ಒಬ್ಬರ ಅಳತೆಗೆ ಐದಾರು ಗುಳಿ ತುಂಬುತ್ತದೆ, ಸಣ್ಣ ಉರಿ, ಮುಚ್ಚಳ, ತಿರುವಿ ಹಾಕೋದು, ಎಲ್ಲ ಸೇರಿ ಎಂಟು ಹತ್ತು ನಿಮಿಷ. ರುಚಿಯಲ್ಲಿ ಮಗ್ ಕೇಕು ಇದರ ಹತ್ತಿರಕ್ಕೂ ಬರಲಿಲ್ಲ. ಕಬ್ಬಿಣದ ಕಾವಲಿ 100 ಡಿಗ್ರಿ ದಾಟಿ ಕಾಯುತ್ತದೆ, ಹೊರಗೆ ಕೆಂಪಗೆ ಗರಿಯಾದ ಪದರ, ಒಳಗೆ ಮೆತ್ತಗೆ. ಇಲ್ಲಿ ಸಕ್ಕರೆಯೂ ನಡೆಯುತ್ತದೆ, ಬಣ್ಣ ತಾನೇ ಬರುತ್ತದೆ. ಇಡ್ಲಿ ಪಾತ್ರೆಯಲ್ಲಿ ಹಬೆಗೆ ಇಟ್ಟದ್ದು ಮೃದುವಾಗಿತ್ತು, ಆದರೆ ಅದಕ್ಕೂ ಕಾಲು ಗಂಟೆ, ಬಣ್ಣ ಮತ್ತೆ ಬಿಳಿಚೇ.

ಹಾಗಾದರೆ ಮಗ್ ಕೇಕು ಯಾಕೆ? ರಾತ್ರಿ ಹತ್ತೂವರೆಗೆ ಸಿಹಿ ತಿನ್ನಬೇಕು ಅನ್ನಿಸಿ, ಗ್ಯಾಸ್ ಹಚ್ಚೋಕೆ ಸೋಮಾರಿತನ, ತೊಳೆಯೋಕೆ ಒಂದೇ ಪಾತ್ರೆ ಇರಲಿ ಅನ್ನುವಾಗ. ಮಾಡಿದ ತಕ್ಷಣ ತಿನ್ನಬೇಕು, ಬೆಳಿಗ್ಗೆಗೆ ಇಟ್ಟರೆ ಪಿಷ್ಟ ಬಿಗಿದು ಕೇಕು ಗಟ್ಟಿಯಾಗಿರುತ್ತದೆ. ಅರ್ಧ ಗಂಟೆ ಕಳೆದದ್ದಾದರೆ ಒಂದು ಚಮಚ ಹಾಲು ಚಿಮುಕಿಸಿ 10 ಸೆಕೆಂಡು ಬಿಸಿ ಮಾಡಿದರೆ ಮತ್ತೆ ಮೆತ್ತಗಾಗುತ್ತದೆ. ಹಾಗೆ ಎರಡನೇ ಸಲ ಬಿಸಿ ಮಾಡಿದರೆ ಮಾತ್ರ ಚಮಚ ಒಳಗೆ ಹೋಗುವುದಿಲ್ಲ. ಕರೆಂಟ್ ಹೋಗಿದ್ದರೆ ಮನೆಯ ಚಿಕ್ಕ ಯುಪಿಎಸ್ ಮೇಲೆ ಓವನ್ ಹಾಕುವ ಸಾಹಸ ಬೇಡ, 800 ವಾಟ್ ಕೊಡೋಕೆ ಅದು ಸಾವಿರಕ್ಕಿಂತ ಜಾಸ್ತಿ ಎಳೆಯುತ್ತದೆ. ಆವತ್ತು ಪಡ್ಡು ಕಾವಲಿಯೇ ಇಳಿಸಿ.