ಕನ್ವರ್ಟರ್ ಹೋಗಿದೆ ಅಂದರೆ ಕೂಡಲೇ ದುಡ್ಡು ಕಟ್ಟಬೇಡಿ, ಮೊದಲು ಇಂಜಿನ್ ನೋಡಿಸಿ

ಕಾಸರಗೋಡು, ಕುಂಬಳೆ, ಬದಿಯಡ್ಕ ಕಡೆಯವರು ಹಳೆಯ ಪೆಟ್ರೋಲ್ ಕಾರು ಇಟ್ಟುಕೊಂಡಿದ್ದರೆ ದಯವಿಟ್ಟು ಇದನ್ನು ಓದಿ. ಕನ್ವರ್ಟರ್ ಅಂದರೆ ಹೊಗೆ ಕೊಳವೆಯಲ್ಲಿದ್ದು ಹೊಗೆಯ ವಿಷ ಕಡಿಮೆ ಮಾಡುವ ಸಾಮಾನು. ಅದರಲ್ಲಿ ನನ್ನ 46,000 ರೂಪಾಯಿ ಹೋಯಿತು. ಸಿಟ್ಟು ಇನ್ನೂ ಇಳಿದಿಲ್ಲ.

ಕಳೆದ ಮಳೆಗಾಲದಲ್ಲಿ ಪೆರ್ಲದ ಹತ್ತಿರ ಏರಿನಲ್ಲಿ ಕಾರು ಜಗ್ಗತೊಡಗಿತು. ಚೆಕ್ ಇಂಜಿನ್ ಲೈಟ್ ಮಿಣುಕಿತು. ಪೇಟೆಯ ಒಂದು ದೊಡ್ಡ ವರ್ಕ್‌ಶಾಪಿಗೆ ಕೊಂಡುಹೋದೆ. ಇಂಜಿನ್ನಿನ ದೋಷವನ್ನು ಕೋಡ್ ಆಗಿ ತೋರಿಸುವ ಸ್ಕ್ಯಾನರ್ ಹಾಕಿದರು. "ಮಾಷ್ಟ್ರೆ, ಪಿ0420. ಕ್ಯಾಟಲಿಟಿಕ್ ಕನ್ವರ್ಟರ್ ಹೋಗಿದೆ. ಬದಲಿಸದಿದ್ದರೆ ಹೊಗೆ ಟೆಸ್ಟ್ ಪಾಸಾಗುವುದಿಲ್ಲ" ಅಂದರು. ಮಗನಿಗೆ ಕಳಿಸಲು ಆ ಸ್ಕ್ರೀನಿನ ಫೋಟೋ ತೆಗೆದೆ. ದುಡ್ಡು ಕಟ್ಟಿದೆ.

ನಾಲ್ಕೇ ತಿಂಗಳು. ಅದೇ ಲೈಟ್, ಅದೇ ಜಗ್ಗಾಟ. ಜೊತೆಗೆ ಅಡಿಯಿಂದ ಗಲಗಲ ಸದ್ದು ಬೇರೆ. ಫೋನ್ ಮಾಡಿದರೆ, "ಪೆಟ್ರೋಲ್ ಸರಿ ಇಲ್ಲ ಮಾಷ್ಟ್ರೆ, ನಾವೆಂತ ಮಾಡುವುದು?" ಸೀಸ ಇದ್ದ ಪೆಟ್ರೋಲ್ ಕನ್ವರ್ಟರನ್ನು ಹಾಳು ಮಾಡುತ್ತಿತ್ತು ನಿಜ. ಅದು ನಮ್ಮ ದೇಶದಲ್ಲಿ ನಿಂತದ್ದು 2000ದಲ್ಲಿ!

ಕೊನೆಗೆ ಬದಿಯಡ್ಕದ ಕಡೆ ಒಬ್ಬರು ವಯಸ್ಸಾದ ಮೆಕ್ಯಾನಿಕ್ ಹತ್ತಿರ ಹೋದೆ. ಫೋಟೋ ತೋರಿಸಿದೆ. ಗ್ರೀಸ್ ಹಿಡಿದ ಬೆರಳನ್ನು ಅಂಗಿಗೆ ಒರೆಸಿ, ಫೋಟೋ ದೊಡ್ಡದು ಮಾಡಿ ನೋಡಿದರು. "ಕೆಳಗೆ ಇನ್ನೊಂದು ಉಂಟಲ್ಲ ಮಾಷ್ಟ್ರೆ, ಪಿ0302. ಇದನ್ನು ಅವರು ಹೇಳಲಿಲ್ವಾ?"

ಎರಡನೇ ಸಿಲಿಂಡರಿನಲ್ಲಿ ಮಿಸ್‌ಫೈರ್. ನನ್ನದೇ ಫೋನಿನಲ್ಲಿ ನಾಲ್ಕು ತಿಂಗಳಿಂದ ಇತ್ತು. ವರ್ಕ್‌ಶಾಪಿನವರಿಗೆ ಓದಲು ಬರುತ್ತದಲ್ಲ, ಹೇಳಲಿಲ್ಲ. ನನಗೆ ಈ ಮೆಕ್ಯಾನಿಕ್ ಎದುರು ತಲೆ ಎತ್ತಲಾಗಲಿಲ್ಲ.

ಪ್ಲಗ್ಗಿಗೆ ಕಿಡಿಯ ಕರೆಂಟ್ ಕೊಡುವ ಇಗ್ನಿಷನ್ ಕಾಯಿಲ್ ಬಿರುಕು ಬಿಟ್ಟಿತ್ತು. ಕಿಡಿ ಸರಿ ಬಾರದೆ ಪೆಟ್ರೋಲ್ ಉರಿಯದೆ ಹಾಗೇ ಹೊರಗೆ ಹೋಗಿ, ಬಿಸಿಯಾದ ಕನ್ವರ್ಟರಿನ ಒಳಗೆ ಉರಿಯುತ್ತದಂತೆ. ಕಳಚಿ ಟಾರ್ಚ್ ಹಿಡಿದು ತೋರಿಸಿದರು. ಜೇನುಗೂಡಿನ ಹಾಗೆ ಸಣ್ಣ ಸಣ್ಣ ತೂತುಗಳ ಸೆರಾಮಿಕ್. ನಡುವೆ ಒಂದು ಕಡೆ ಕರಗಿ ಮುದ್ದೆಯಾಗಿತ್ತು, ಬದಿ ಒಡೆದಿತ್ತು. ನಾಲ್ಕು ತಿಂಗಳ ಹೊಸ ಸಾಮಾನು! ಕಾಯಿಲಿಗೂ ನಾಲ್ಕು ಪ್ಲಗ್ಗಿಗೂ ಸೇರಿ 4,200 ಆಯಿತು. ಇಷ್ಟನ್ನು ಮೊದಲೇ ಮಾಡಿದ್ದರೆ ಹೊಸ ಕನ್ವರ್ಟರ್ ಆದರೂ ಉಳಿಯುತ್ತಿತ್ತು.

ಮತ್ತೆ ವರ್ಕ್‌ಶಾಪಿಗೆ ಹೋಗಿ ಕೇಳಿದೆ. "ನೀವು ಕನ್ವರ್ಟರ್ ಹಾಕಿ ಅಂದ್ರಿ, ಹಾಕಿದೆವು." ನಾನು ಅಂದದ್ದಾ? ಹಳೆಯದು ಕೊಡಿ ಅಂದರೆ, "ಗುಜರಿಗೆ ಹೋಯಿತು, ಕಬ್ಬಿಣ ಅಲ್ವಾ." ಕಬ್ಬಿಣ ಅಂತೆ! ಅದರೊಳಗೆ ಪ್ಲಾಟಿನಂ, ಪಲ್ಲೇಡಿಯಂ, ರೋಡಿಯಂ ಇರುತ್ತದೆ. ಗುಜರಿಯವರು ಅದಕ್ಕೆ ಒಳ್ಳೆ ದುಡ್ಡು ಕೊಡುತ್ತಾರೆ.

ಲೈಟ್ ಮಿಣುಕಿದರೆ ಗಾಡಿ ಓಡಿಸುತ್ತಾ ಇರಬೇಡಿ. ಪ್ಲಗ್ ಹೊತ್ತಿಗೆ ಸರಿಯಾಗಿ ಬದಲಿಸಿ. ಇಂಜಿನ್ ಆಯಿಲ್ ಸುಮ್ನೆ ಕಡಿಮೆಯಾಗುತ್ತಿದ್ದರೆ ಅದು ಒಳಗೆ ಉರಿಯುತ್ತಿರಬಹುದು, ಆ ಹೊಗೆಯೂ ಕನ್ವರ್ಟರನ್ನು ಕೆಡಿಸುತ್ತದೆ. ಸ್ಕ್ಯಾನರಿನ ಎಲ್ಲ ಕೋಡ್ ಬರೆದುಕೊಡಿ ಅನ್ನಿ. ಎಲ್ಲ ಕೋಡ್! ಹಳೆಯ ಸಾಮಾನನ್ನು ಕೇಳಿ ಮನೆಗೆ ತನ್ನಿ.

ಮೊನ್ನೆ ಮತ್ತೆ ಫೋನ್ ಮಾಡಿದೆ. "ಮ್ಯಾನೇಜರ್ ಊರಲ್ಲಿಲ್ಲ ಮಾಷ್ಟ್ರೆ." ಮೂರನೇ ಸಲ ಇದೇ ಉತ್ತರ. ಯಾವ ಗುಜರಿಗೆ ಕೊಟ್ಟಿರಿ ಅಂತ ಕೇಳಿದ ಕೂಡಲೇ ಫೋನ್ ಇಟ್ಟರು. ಬಿಲ್ಲು, ಫೋಟೋ ಎರಡೂ ನನ್ನ ಹತ್ತಿರ ಉಂಟು. ಸೋಮವಾರ ಗ್ರಾಹಕರ ಕೋರ್ಟಿಗೆ ದೂರು ಕೊಡುತ್ತೇನೆ.