ಮೆಡಿಕಲ್ ಶಾಪ್ ಕೌಂಟರ್‌ನಲ್ಲಿ ಒಂದು ಗಂಟೆ: ಪ್ಲಮ್ ವಿಲೇಜ್ ಆ್ಯಪ್ ಬಳಸಿದ ಅನುಭವ

ಧ್ಯಾನಕ್ಕೆ ಅಂತ ಬೇರೆ ಹೊತ್ತು ಎತ್ತಿಡಲು ಆಗದವರಿಗೆ ನಾನು ಧೈರ್ಯವಾಗಿ ಹೇಳಬಲ್ಲ ಆ್ಯಪ್ ಇದು. ಹೆಸರು ಪ್ಲಮ್ ವಿಲೇಜ್. ಪೂರ್ತಿ ಉಚಿತ. ಮೊದಲು ಏಳು ದಿನ ಫ್ರೀ ಅಂತ ಹೇಳಿ ಆಮೇಲೆ ಕಾರ್ಡ್ ನಂಬರ್ ಕೇಳುವ ಕಾಟ ಇದರಲ್ಲಿ ಇಲ್ಲ.

ನಾನು ದಾವಣಗೆರೆಯಲ್ಲಿ ಮೆಡಿಕಲ್ ಶಾಪ್ ನಡೆಸುತ್ತೇನೆ. ಬೆಳಿಗ್ಗೆ ಶಟರ್ ಎತ್ತಿದರೆ ಇಳಿಸುವ ಹೊತ್ತಿಗೆ ರಾತ್ರಿ ಹತ್ತು. ಬೆಂಗಳೂರಿನ ಹತ್ತಿರ ಆಲೂರಿನ ಧಮ್ಮ ಪಫುಲ್ಲ ಅನ್ನುವ ಧ್ಯಾನ ಕೇಂದ್ರದಲ್ಲಿ 10 ದಿನದ ವಿಪಶ್ಯನ ಧ್ಯಾನ ಶಿಬಿರ ನಡೆಯುತ್ತದೆ. ಬೆಳಿಗ್ಗೆ 4ಕ್ಕೆ ಏಳಬೇಕು, ಫೋನ್ ಇಲ್ಲ, ಮಾತಿಲ್ಲ. ನನ್ನ ತಂಗಿ ಹೋಗಿ ಬಂದಿದ್ದಾಳೆ, ತುಂಬಾ ಒಳ್ಳೆಯದಾಯಿತು ಅನ್ನುತ್ತಾಳೆ. ನನಗೂ ಆಸೆ ಇದೆ. ಆದರೆ ಅಂಗಡಿ ಬಿಟ್ಟು ಹತ್ತು ದಿನ ಹೋಗುವುದು ಸದ್ಯಕ್ಕೆ ಆಗದ ಮಾತು. ಕೆಲಸದ ಮೇಲೆ ಬೆಂಗಳೂರಿಗೆ ಹೋದಾಗ ಗಾಂಧಿನಗರದ ಬೌದ್ಧ ವಿಹಾರ ಮಹಾಬೋಧಿ ಸೊಸೈಟಿಗೆ ಹೋಗಿ ಸ್ವಲ್ಪ ಹೊತ್ತು ಕೂತು ಬರುತ್ತೇನೆ, ಅಷ್ಟೇ. ಉಳಿದ ದಿನಗಳಲ್ಲಿ ಏನಿದ್ದರೂ ಕೌಂಟರ್ ಹಿಂದೆ ನಿಂತೇ ಆಗಬೇಕು.

ಈ ಆ್ಯಪ್‌ನ ಹಿಂದಿರುವವರು ವಿಯೆಟ್ನಾಂನ ಭಿಕ್ಷು ತಿಕ್ ನಾತ್ ಹಾನ್ ಅವರ ಪರಂಪರೆಯವರು. ಅವರ ಕಥೆ ತಿಳಿದಿದ್ದರೆ ಆ್ಯಪ್ ಯಾಕೆ ಹೀಗಿದೆ ಅಂತ ಅರ್ಥವಾಗುತ್ತದೆ. 1960ರ ದಶಕ, ಯುದ್ಧ ಜೋರಾಗಿತ್ತು. ಹೊರಗೆ ಬಾಂಬ್ ಬೀಳುವಾಗ ಒಳಗೆ ಕೂತು ಧ್ಯಾನ ಮಾಡಬೇಕೋ, ಎದ್ದು ಹೋಗಿ ಜನರಿಗೆ ಸಹಾಯ ಮಾಡಬೇಕೋ? ಎರಡೂ ಒಟ್ಟಿಗೇ ಆಗಬೇಕು ಅಂದರು ಅವರು. ಹಾಳಾದ ಹಳ್ಳಿಗಳನ್ನು ಮತ್ತೆ ಕಟ್ಟಲು ಯುವಕ ಯುವತಿಯರ ತಂಡ ಕಟ್ಟಿದರು. ಶಾಂತಿ ಬೇಕು ಅಂತ ಕೇಳಲು 1966ರಲ್ಲಿ ಹೊರದೇಶಕ್ಕೆ ಹೋದವರಿಗೆ ತಾಯ್ನಾಡಿಗೆ ಮತ್ತೆ ಕಾಲಿಡಲು ಸಾಧ್ಯವಾದದ್ದು 2005ರಲ್ಲಿ. 1967ರಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಅವರು ಇವರ ಹೆಸರನ್ನು ನೊಬೆಲ್ ಶಾಂತಿ ಪ್ರಶಸ್ತಿಗೆ ಸೂಚಿಸಿದ್ದರು. ಫ್ರಾನ್ಸ್‌ನ ದಕ್ಷಿಣದಲ್ಲಿ ಅವರ ಬೌದ್ಧ ಆಶ್ರಮ ಪ್ಲಮ್ ವಿಲೇಜ್ ಶುರುವಾದದ್ದು 1982ರಲ್ಲಿ. 2022ರ ಜನವರಿಯಲ್ಲಿ, ತಾವು ಹುಡುಗನಾಗಿ ದೀಕ್ಷೆ ತೆಗೆದುಕೊಂಡ ವಿಯೆಟ್ನಾಂನ ಹ್ವೆ ಊರಿನ ದೇವಾಲಯದಲ್ಲೇ ತೀರಿಕೊಂಡರು. ಕೆಲಸದ ನಡುವೆಯೇ ಮಾಡುವ ಧ್ಯಾನ ಅವರಿಗೆ ಪುರುಸೊತ್ತಿಲ್ಲದವರಿಗಾಗಿ ಕಂಡುಹಿಡಿದ ಸುಲಭದ ದಾರಿ ಆಗಿರಲಿಲ್ಲ. ಅವರು ಹೇಳಿಕೊಟ್ಟ ಉಳಿದದ್ದಕ್ಕೆಲ್ಲ ಅದೇ ಬೇರು.

ಆ್ಯಪ್‌ನಲ್ಲಿ ತುಂಬಾ ಇದೆ. ಕೂತು ಮಾಡುವ ಧ್ಯಾನ, ಮಲಗಿ ಮೈ ಸಡಿಲ ಬಿಡುವುದು, ಭಿಕ್ಷು ಭಿಕ್ಷುಣಿಯರ ಪ್ರವಚನ, ಪ್ರಶ್ನೋತ್ತರ. ನಾನು ದಿನಾ ಬಳಸುವುದು ಒಂದನ್ನೇ: ಗಂಟೆ. ಎಷ್ಟು ಹೊತ್ತಿಗೊಮ್ಮೆ ಬಾರಿಸಬೇಕು ಅಂತ ನಾವೇ ಹೇಳಿಡಬಹುದು. ಪ್ಲಮ್ ವಿಲೇಜ್‌ನಲ್ಲಿ ಗಂಟೆ ಬಾರಿಸಿದರೆ ಅಡುಗೆ ಮಾಡುವವರು, ಮಾತಾಡುವವರು, ನಡೆಯುವವರು ಎಲ್ಲರೂ ಇದ್ದಲ್ಲೇ ನಿಂತು ಉಸಿರು ಗಮನಿಸುತ್ತಾರೆ. ಫೋನ್ ರಿಂಗ್ ಆದರೂ ಹಾಗೆಯೇ, ಉಸಿರಾಡಿ ಆಮೇಲೆ ಎತ್ತುವುದು.

ಅಂಗಡಿಯಲ್ಲಿ ಅಷ್ಟು ನಿಲ್ಲಲು ಆಗಲ್ಲ, ನಿಜ. ಆದರೆ ಮೂರು ಉಸಿರಿಗೆ ಎಷ್ಟು ಹೊತ್ತು ಬೇಕು ಹೇಳಿ? ರ‍್ಯಾಕ್‌ನಿಂದ ಸ್ಟ್ರಿಪ್ ತೆಗೆದು ಕೌಂಟರ್‌ಗೆ ಬರುವಷ್ಟರಲ್ಲಿ ಮುಗಿಯುತ್ತದೆ. ಶುಗರ್‌ಗೆ ಕೊಡುವ ಗ್ಲಿಮೆಪಿರೈಡ್ ನೋಡಿ. ಒಂದೇ ಕಂಪನಿಯ 1 ಎಂಜಿ, 2 ಎಂಜಿ ಅಕ್ಕಪಕ್ಕ ಇರುತ್ತವೆ, ಎರಡೂ ಅಂಗೈ ಅಗಲದ ಸ್ಟ್ರಿಪ್. ಕೈ ಅಭ್ಯಾಸದ ಮೇಲೆ ಹೋಗುತ್ತದೆ, ಕಣ್ಣು ಮುಂದಿನ ಚೀಟಿಯ ಮೇಲೆ ಇರುತ್ತದೆ. ಹೆಚ್ಚಿನ ಪವರ್ ಹೋದರೆ ವಯಸ್ಸಾದವರ ಶುಗರ್ ಏಕಾಏಕಿ ಇಳಿದುಬಿಡಬಹುದು. ಈಗ ಸ್ಟ್ರಿಪ್ ಕೈಯಲ್ಲಿ ಹಿಡಿದಾಗ ನನ್ನ ಗಮನವೂ ಕೈಯಲ್ಲೇ ಇರುತ್ತದೆ. ಹೆಸರು, ಪವರ್, ಎಕ್ಸ್‌ಪೈರಿ, ಆಮೇಲೆ ಕವರ್. ಎಚ್ಚರದ ಗಮನ ಬೆಳೆಸುವುದರ ಬಗ್ಗೆ ಇರುವ ಸತಿಪಟ್ಠಾನ ಸುತ್ತ ಅನ್ನುವ ಉಪದೇಶದಲ್ಲಿ ಬುದ್ಧ ಹೇಳಿದ್ದೂ ಇಂಥದ್ದನ್ನೇ. ನಡೆಯುವಾಗ, ಕೈ ಚಾಚುವಾಗ, ಮಡಚುವಾಗ, ಉಣ್ಣುವಾಗ, ಮಾತಾಡುವಾಗ, ಸುಮ್ಮನಿರುವಾಗ ತಿಳಿದು ಮಾಡು ಅಂತ. ಅಲ್ಲಿ ಮಲಮೂತ್ರ ವಿಸರ್ಜನೆ ಕೂಡ ಬರುತ್ತದೆ. ದಿನದ ಯಾವ ಕೆಲಸವನ್ನೂ ಅವನು ಹೊರಗಿಡಲಿಲ್ಲ.

ಆದರೆ ಗಮನ ಒಂದೇ ಸಾಲದು. ಇದು ಅಂಗಡಿಯಲ್ಲೇ ಚೆನ್ನಾಗಿ ಗೊತ್ತಾಗುವ ವಿಷಯ. ಉಸಿರು ನೋಡಿಕೊಂಡು, ಸಮಾಧಾನವಾಗಿ, ಕೊಡಬಾರದ ಔಷಧಿಯನ್ನೂ ಕೊಡಬಹುದು ಅಲ್ವಾ? ಗಂಟೆ ನಮ್ಮನ್ನು ನಿಲ್ಲಿಸುತ್ತದೆ. ನಿಂತಾಗ ಏನು ನೋಡಬೇಕು ಅನ್ನುವುದಕ್ಕೆ ಪ್ರಜ್ಞೆ ಬೇಕು. ನನಗೆ ಇಲ್ಲಿ ಸಹಾಯವಾದದ್ದು ಬುದ್ಧ ತನ್ನ ಮಗ ರಾಹುಲನಿಗೆ ಹೇಳಿದ ಮಾತು. ಕನ್ನಡಿ ಇರುವುದು ಯಾಕೆ ಅಂತ ಕೇಳುತ್ತಾನೆ. ನೋಡಿಕೊಳ್ಳಲು ಅನ್ನುತ್ತಾನೆ ರಾಹುಲ. ಹಾಗೇ ಪ್ರತಿ ಕೆಲಸವನ್ನೂ ಮಾಡುವ ಮುಂಚೆ, ಮಾಡುವಾಗ, ಮಾಡಿದ ಮೇಲೆ ನೋಡಿಕೋ: ಇದರಿಂದ ನನಗೆ ಕೇಡಾಗುತ್ತದೆಯೇ, ಇನ್ನೊಬ್ಬರಿಗೆ ಕೇಡಾಗುತ್ತದೆಯೇ, ಇಬ್ಬರಿಗೂ ಕೇಡಾಗುತ್ತದೆಯೇ? ಮಗನಿಗೆ ಅಪ್ಪ ಇದಕ್ಕಿಂತ ಸರಳವಾಗಿ ಏನು ಹೇಳಬಹುದು? ಕೌಂಟರ್ ಮೇಲೆ ಮೂರು ಉಸಿರಿನ ಜೊತೆ ನಾನು ಈ ಪ್ರಶ್ನೆಯನ್ನೂ ಸೇರಿಸಿಕೊಂಡಿದ್ದೇನೆ.

ಒಂದು ಸಂಜೆ ಒಬ್ಬರು ಬಂದರು. ಕತ್ತರಿಯಿಂದ ಕತ್ತರಿಸಿದ ಖಾಲಿ ಸ್ಟ್ರಿಪ್‌ನ ತುಂಡು ಮುಂದಿಟ್ಟರು. "ಅಣ್ಣಾ, ಇದೇ ಒಂದು ಸ್ಟ್ರಿಪ್ ಕೊಡ್ರಿ. ಚೀಟಿ ಮನೇಲಿದೆ." ನೋಡಿದರೆ ಅಲ್‌ಪ್ರಜೋಲಾಮ್, ನಿದ್ದೆಗೆ ಅಂತ ಜನ ತೆಗೆದುಕೊಳ್ಳುವ ಮಾತ್ರೆ. ಇದು ಶೆಡ್ಯೂಲ್ ಎಚ್1ಗೆ, ಅಂದರೆ ಕಾನೂನು ಹೆಚ್ಚು ಬಿಗಿ ಇಟ್ಟಿರುವ ಔಷಧಿಗಳ ಪಟ್ಟಿಗೆ ಸೇರಿದ್ದು. ಚೀಟಿ ಬೇಕು, ಡಾಕ್ಟರ್ ಹೆಸರು, ಪೇಷಂಟ್ ಹೆಸರು, ಎಷ್ಟು ಕೊಟ್ಟೆವು ಅಂತ ಬೇರೆ ರಿಜಿಸ್ಟರ್‌ನಲ್ಲಿ ಬರೆಯಬೇಕು, ಅದನ್ನು 3 ವರ್ಷ ಇಟ್ಟುಕೊಂಡಿರಬೇಕು. ಚೀಟಿ ಇಲ್ಲದೆ ನಮ್ಮಲ್ಲಿ ಕೊಡುವುದಿಲ್ಲ. ಅದು ನನ್ನ ಅಪ್ಪ ಅಂಗಡಿ ನೋಡಿಕೊಳ್ಳುತ್ತಿದ್ದ ಕಾಲದಿಂದ ಇರುವ ಕಟ್ಟುನಿಟ್ಟು. "ಇಲ್ಲ ರೀ" ಅನ್ನುವಷ್ಟರಲ್ಲಿ ಫೋನ್‌ನಲ್ಲಿ ಗಂಟೆ ಬಾರಿಸಿತು.

ನಿಂತೆ. ಹಿಂದೆ ನಾಲ್ಕು ಜನ ಕಾಯುತ್ತಿದ್ದರು, ನನಗೆ ಒಳಗೆ ರೇಗುತ್ತಿತ್ತು. ಆ ರೇಗು ಕಂಡಿತು. ಆಮೇಲೆ ಅವರು ಕಂಡರು. ಕಣ್ಣು ಕೆಂಪಗಿತ್ತು. ಆ ಖಾಲಿ ತುಂಡನ್ನು ಬೆರಳಲ್ಲಿ ಮಡಚುತ್ತಾ ಬಿಡಿಸುತ್ತಾ ಇದ್ದರು. ಬರೀ "ಇಲ್ಲ" ಅಂದರೆ ಕಾನೂನು ಪಾಲಿಸಿದ ಹಾಗಾಯಿತು. ಆದರೆ ದಿನಾ ತೆಗೆದುಕೊಳ್ಳುವವರು ಈ ಮಾತ್ರೆಯನ್ನು ಏಕಾಏಕಿ ನಿಲ್ಲಿಸಿದರೆ ನಡುಕ, ಗಾಬರಿ ಬರುತ್ತದೆ, ಕೆಲವರಿಗೆ ಫಿಟ್ಸ್ ಕೂಡ ಬರಬಹುದು. ಕೊಟ್ಟರೂ ಕೇಡು, ಸುಮ್ನೆ ಕಳಿಸಿದರೂ ಕೇಡು. "ಎಷ್ಟು ದಿನದಿಂದ ತಗೋತಿದ್ದೀರಿ ಸರ್?" ಅಂತ ಕೇಳಿದೆ. ವರ್ಷದ ಮೇಲಾಯಿತಂತೆ. ಒಮ್ಮೆಲೇ ಬಿಡಬೇಡಿ, ಹಾಗಂತ ನೀವೇ ಜಾಸ್ತಿನೂ ಮಾಡಬೇಡಿ, ಕಡಿಮೆ ಮಾಡುವ ಲೆಕ್ಕವನ್ನು ಡಾಕ್ಟರ್ ಹೇಳಬೇಕು ಅಂದೆ. ಅವರ ಡಾಕ್ಟರ್ ಕ್ಲಿನಿಕ್‌ಗೆ ನಾನೇ ಫೋನ್ ಮಾಡಿ, ಇನ್ನೂ ಇದ್ದಾರೆ ಅಂತ ಖಚಿತ ಮಾಡಿಕೊಂಡು ಕಳಿಸಿದೆ. ಒಂದು ತಾಸಿನಲ್ಲಿ ಹೊಸ ಚೀಟಿ ತಂದರು. ಹಿಂದಿದ್ದ ನಾಲ್ವರಲ್ಲಿ ಒಬ್ಬರು ಬೇಜಾರಾಗಿ ಬೇರೆ ಅಂಗಡಿಗೆ ಹೋದರು, ಅದೂ ಆಯಿತು.

ಈ ಗಂಟೆ ಮನಸ್ಸನ್ನು ತಣ್ಣಗೆ ಮಾಡುತ್ತದೆ ಅಂತ ನಾನು ಹೇಳಲು ಹೊರಟಿಲ್ಲ. ಎಷ್ಟೋ ಸಲ ಬಾರಿಸಿದಾಗ ಕಾಣುವುದು ಬರೀ ಕಿರಿಕಿರಿ. ಕಂಡರೆ ಸಾಕು, ಮುಂದಿನ ಮಾತು ಆ ಕಿರಿಕಿರಿಯಿಂದ ಹುಟ್ಟುವುದಿಲ್ಲ. ಗೃಹಸ್ಥರು ಮಾಡಬಾರದ ಐದು ವ್ಯಾಪಾರಗಳನ್ನು ಬುದ್ಧ ಹೇಳಿದ್ದಾನೆ: ಆಯುಧ, ಜೀವಿಗಳು, ಮಾಂಸ, ಮದ್ಯ, ವಿಷ. ನಮ್ಮ ಕಸುಬಿನಲ್ಲಿ ಔಷಧಿ ಯಾವಾಗ ವಿಷವಾಗುತ್ತದೆ ಅನ್ನುವುದನ್ನು ದಿನಾ ಕೌಂಟರ್ ಮೇಲೆ ತೀರ್ಮಾನಿಸಬೇಕು. ಅದಕ್ಕೇ ನನಗೆ ಈ ಅಭ್ಯಾಸ ಇಷ್ಟು ಮುಖ್ಯ.

ಬಳಸುವವರಿಗೆ ಒಂದೆರಡು ಮಾತು. ಶುರುವಿನಲ್ಲಿ ಗಂಟೆಗೊಮ್ಮೆ ಸಾಕು. ಕಾಲು ಗಂಟೆಗೊಮ್ಮೆ ಇಟ್ಟರೆ ಕಿವಿ ಅದಕ್ಕೆ ಒಗ್ಗಿಹೋಗುತ್ತದೆ, ಕೇಳಿಸಿದರೂ ಕೇಳಿಸದ ಹಾಗೆ. ಕೆಲವು ಫೋನ್‌ಗಳು ಬ್ಯಾಟರಿ ಉಳಿಸಲು ಹಿಂದೆ ಓಡುವ ಆ್ಯಪ್‌ಗಳನ್ನು ಮುಚ್ಚಿಬಿಡುತ್ತವೆ. ಗಂಟೆ ಬಾರಿಸದಿದ್ದರೆ ಬ್ಯಾಟರಿ ಸೆಟ್ಟಿಂಗ್‌ನಲ್ಲಿ ಇದಕ್ಕೆ ಅನುಮತಿ ಕೊಡಿ. ರಾತ್ರಿ ಮಲಗುವ ಮುಂಚೆ ಮೈ ಸಡಿಲ ಬಿಡುವ ಧ್ಯಾನ ಕೇಳಿ. ದಿನವಿಡೀ ನಿಂತು ಕೆಲಸ ಮಾಡುವವರ ಕಾಲಿಗೆ ಅದು ದೊಡ್ಡ ಉಪಕಾರ.

5ಕ್ಕೆ 4 ಅಂಕ ಕೊಡುತ್ತೇನೆ. ಒಂದು ಅಂಕ ಹಿಡಿದಿಟ್ಟದ್ದು ಭಾಷೆಗೆ. ಮಾತೆಲ್ಲ ಹೆಚ್ಚಾಗಿ ಇಂಗ್ಲಿಷ್‌ನಲ್ಲಿದೆ. ರೆಕಾರ್ಡಿಂಗ್‌ಗಳಲ್ಲಿ ತಿಕ್ ನಾತ್ ಹಾನ್ ಅವರು ನಿಧಾನವಾಗಿ, ಸಣ್ಣ ಸಣ್ಣ ವಾಕ್ಯದಲ್ಲಿ ಮಾತಾಡುವುದರಿಂದ ನನಗೆ ಅರ್ಥವಾಗುತ್ತದೆ. ನಮ್ಮ ಅಂಗಡಿಯ ಹುಡುಗನಿಗೆ ಆಗುವುದಿಲ್ಲ. ಅವನಿಗೆ ಗಂಟೆ ಬಾರಿಸಿದಾಗ ಏನು ಮಾಡಬೇಕು ಅಂತ ನಾನೇ ಹೇಳಿಕೊಟ್ಟಿದ್ದೇನೆ. ಈಗ ಸ್ಟ್ರಿಪ್ ಕವರ್‌ಗೆ ಹಾಕುವ ಮುಂಚೆ ಹೆಸರು, ಪವರ್ ಬಾಯಿಬಿಟ್ಟು ಓದುತ್ತಾನೆ. ಧ್ಯಾನ ಬಲ್ಲವರು ಯಾರಾದರೂ ನಮ್ಮ ಆಡುಮಾತಿನಲ್ಲಿ ಹತ್ತು ನಿಮಿಷದ ಮಾರ್ಗದರ್ಶನ ರೆಕಾರ್ಡ್ ಮಾಡಿದ್ದರೆ ದಯವಿಟ್ಟು ತಿಳಿಸಿ. ಮಧ್ಯಾಹ್ನ ಊಟದ ಹೊತ್ತಿನಲ್ಲಿ ಅವನಿಗೆ ಕೇಳಿಸುತ್ತೇನೆ.