ಫೋಟೋ ಎಡಿಟಿಂಗ್ ಸಾಫ್ಟ್‌ವೇರ್ "ಲೈಫ್‌ಟೈಮ್ ಲೈಸೆನ್ಸ್" ಅಂತ ವಾಟ್ಸಾಪಲ್ಲಿ ಮಾರ್ತಾರಲ್ಲ, ದಯವಿಟ್ಟು ತಗೋಬೇಡಿ

ಪೂರ್ತಿ ಓದೋಕೆ ಟೈಮ್ ಇಲ್ದೋರು ಇಷ್ಟು ಓದಿದ್ರೆ ಸಾಕು. ಈಗಿನ ಲೈಟ್‌ರೂಮ್‌ಗಾಗ್ಲಿ ಫೋಟೋಶಾಪ್‌ಗಾಗ್ಲಿ ಲೈಫ್‌ಟೈಮ್ ಲೈಸೆನ್ಸ್ ಅನ್ನೋದೇ ಇಲ್ಲ. ಯಾರು ಕೊಡ್ತೀನಿ ಅಂದ್ರೂ ಸುಳ್ಳು. ನಾನು ₹2,499 ಕೊಟ್ಟೆ, ಆಮೇಲೆ ಬುದ್ಧಿ ಇಲ್ದೆ ಇನ್ನೂ ₹999 ಕೊಟ್ಟೆ, ದುಡ್ಡು ಹೋಗ್ಲಿ ಅಂದ್ರೆ ನಮ್ಮಮ್ಮನ ಎಂಬತ್ತರ ಶಾಂತಿ ಫೋಟೋಗಳೂ ಹೋದ್ವು. ಅದಕ್ಕೇ ಇಷ್ಟು ಸಿಟ್ಟಲ್ಲಿ ಬರೀತಿದೀನಿ.

ನಾನು ಶಿವಮೊಗ್ಗದಲ್ಲಿ ಹೈಸ್ಕೂಲ್ ಮೇಷ್ಟ್ರು. ಒಂದು ನಿಕಾನ್ ಕ್ಯಾಮೆರಾ, ಒಂದು 70-300 ಲೆನ್ಸ್, ಭಾನುವಾರ ಬೆಳಗ್ಗೆ ಬೈಕ್ ಹತ್ತಿ ಮಂಡಗದ್ದೆ. ಮಳೆಗಾಲದಲ್ಲಿ ತುಂಗಾ ಮಧ್ಯದ ಮರಗಳ ಮೇಲೆ ಬೆಳ್ಳಕ್ಕಿ, ನೀರುಕಾಗೆ, ಹಾವಕ್ಕಿ ಎಲ್ಲ ಗೂಡು ಕಟ್ಟಿರ್ತವೆ, ನೋಡಿದೋರಿಗೆ ಗೊತ್ತು. ಜೆಪೆಗ್‌ನಲ್ಲಿ ತೆಗೆದ್ರೆ ಬೆಳ್ಳಕ್ಕಿ ಮೈ ಪೂರ್ತಿ ಬಿಳಿ ಮುದ್ದೆ ಆಗಿಬಿಡೋದು, ಗರಿನೇ ಕಾಣ್ತಿರ್ಲಿಲ್ಲ, ಅದಕ್ಕೆ ರಾ ಫೈಲಲ್ಲಿ (ಕ್ಯಾಮೆರಾ ಕಂಡಿದ್ದನ್ನೆಲ್ಲ ತಿದ್ದದೆ ಹಾಗೇ ಉಳಿಸೋ ಫೈಲು) ತೆಗೆಯೋಕೆ ಶುರು ಮಾಡ್ದೆ. ರಾ ತೆಗೆದ ಮೇಲೆ ಎಡಿಟ್ ಮಾಡೋಕೆ ಏನಾದ್ರೂ ಬೇಕೇ ಬೇಕು. ಎಲ್ಲರೂ ಲೈಟ್‌ರೂಮ್ ಅಂದ್ರು. ಅದು ತಿಂಗಳ ಬಾಡಿಗೆ ಲೆಕ್ಕ, ನಾನು ತಿಂಗಳಿಗೆ ಎರಡು ಭಾನುವಾರ ಕೂರೋನು, ಅದಕ್ಕೆ ಪ್ರತಿ ತಿಂಗಳು ಕಟ್ಟೋದು ಯಾಕೆ ಅಂತ ಮನಸ್ಸು ಒಪ್ಪಲಿಲ್ಲ. ಇಲ್ಲೇ ಸಿಕ್ಕಿಬಿದ್ದಿದ್ದು ನಾನು.

ಜುಲೈನಲ್ಲಿ ಫೋನಲ್ಲಿ ಲೈಟ್‌ರೂಮ್‌ದೇ ಆ್ಯಡ್ ಬಂತು, ಒಂದೇ ಸಲ ದುಡ್ಡು ಕಟ್ಟಿ, ಜೀವನಪೂರ್ತಿ ಬಳಸಿ, ಅದೂ ಕನ್ನಡದಲ್ಲಿ. ಮೆಸೇಜ್ ಮಾಡಿದ ಎರಡೇ ನಿಮಿಷಕ್ಕೆ ಫೋನೇ ಬಂತು. ಸ್ವಚ್ಛ ಕನ್ನಡ, "ನಮಸ್ಕಾರ ಸರ್, ಟೀಚರ್ರಾ ಸರ್ ನೀವು, ನಮ್ ತಂದೆನೂ ಮೇಷ್ಟ್ರೇ ಸರ್". ಅಷ್ಟೇ, ನಂಬಿಬಿಟ್ಟೆ. ಬಿಲ್ ಕೊಡ್ತೀರಾ ಅಂದೆ. "ಬಿಲ್ ಬೇಕಂದ್ರೆ ಜಿಎಸ್‌ಟಿ 18 ಪರ್ಸೆಂಟ್ ಎಕ್ಸ್ಟ್ರಾ ಆಗುತ್ತೆ ಸರ್, ನಿಮ್ಗ್ಯಾಕೆ ಸುಮ್ನೆ" ಅಂದ. ನಂಗೂ ಹೌದಲ್ವಾ ಅನ್ನಿಸ್ತು. ಯುಪಿಐನಲ್ಲಿ ಯಾವುದೋ ಒಬ್ಬ ವ್ಯಕ್ತಿ ಹೆಸರು ಬಂತು, ಕಂಪನಿ ಹೆಸರಲ್ಲ, ಅದನ್ನೂ ನೋಡ್ದೆ, ಆದ್ರೂ ಒತ್ತಿದೆ.

ಲೈಸೆನ್ಸ್ ಕೀ, ಅಂದ್ರೆ ಸಾಫ್ಟ್‌ವೇರ್ ತೆರೆಯೋ ಕೋಡ್ ಬರುತ್ತೆ ಅಂದ್ಕೊಂಡಿದ್ದೆ. ಬಂದಿದ್ದು ಒಂದು ಇಮೇಲ್ ಐಡಿ, ಒಂದು ಪಾಸ್‌ವರ್ಡ್. ಜೊತೆಗೆ ಮೂರು ಸಾಲು: ಪಾಸ್‌ವರ್ಡ್ ಚೇಂಜ್ ಮಾಡಬೇಡಿ, ಲಾಗ್‌ಔಟ್ ಮಾಡಬೇಡಿ, ಕಸ್ಟಮರ್ ಕೇರ್‌ಗೆ ಫೋನ್ ಮಾಡಬೇಡಿ. ದುಡ್ಡು ಕೊಟ್ಟು ತಗೊಂಡ ವಸ್ತುಗೆ ಯಾರಾದ್ರೂ ಕಸ್ಟಮರ್ ಕೇರ್‌ಗೆ ಫೋನ್ ಮಾಡಬೇಡಿ ಅಂತಾರಾ? ಇವತ್ತು ಕೇಳ್ಕೋತೀನಿ, ಅವತ್ತು ಕೇಳ್ಕೊಳ್ಳಲಿಲ್ಲ. ಒಳಗೆ ಹೋಗಿ ಪ್ರೊಫೈಲ್ ನೋಡಿದ್ರೆ ಓದೋಕಾಗದ ಯಾವುದೋ ದೇಶದ ಲಿಪಿಲಿ ಒಂದು ಹೆಸರು. ಇದೇನು ಅಂತ ಕೇಳಿದ್ದಕ್ಕೆ "ಅದು ಸರ್ವರ್ ಹೆಸರು ಸರ್, ಎಲ್ಲರಿಗೂ ಹಂಗೇ ಬರುತ್ತೆ". ಅದು ಸರ್ವರ್ ಹೆಸರಲ್ಲ. ಯಾವುದೋ ಸಂಸ್ಥೆ ತನ್ನ ಜನಕ್ಕೆ ಅಂತ ಒಟ್ಟಿಗೆ ತಗೊಂಡಿರೋ ಅಕೌಂಟಲ್ಲಿ ಒಂದು ಸೀಟು ಇವನು ಹೇಗೋ ಹಿಡ್ಕೊಂಡು ನಂಗೆ ಮಾರಿದ್ದು. ಅಂಥ ಅಕೌಂಟಲ್ಲಿ ನಾವು ಇಡೋ ಫೈಲ್ ನಮ್ಮದಲ್ಲ, ಆ ಸಂಸ್ಥೆಯ ಅಡ್ಮಿನ್ ಕೈಲಿರುತ್ತೆ. ಅಂದ್ರೆ ನಮ್ಮನೆ ದೇವರ ಕೋಣೆ ಫೋಟೋ, ಮಗಳ ಫೋಟೋ ಎಲ್ಲ ನಾಲ್ಕು ತಿಂಗಳು ಗುರುತು ಪರಿಚಯ ಇಲ್ದೋರ ಕೈಲಿತ್ತು. ಇದು ನೆನೆಸ್ಕೊಂಡ್ರೆ ಈಗ್ಲೂ ಮೈ ಜುಮ್ ಅನ್ನುತ್ತೆ.

ಆದ್ರೆ ಕೆಲಸ ಮಾಡ್ತಿತ್ತು, ಅದೇ ಮೋಸ. ಬೆಳ್ಳಕ್ಕಿ ಗರಿ ಒಂದೊಂದೂ ಎದ್ದು ಬಂತು, ಅದೇ ಖುಷಿಲಿ ಸ್ಟಾಫ್ ರೂಮಲ್ಲಿ ತೋರಿಸ್ದೆ, ನಮ್ಮ ಡ್ರಾಯಿಂಗ್ ಮೇಷ್ಟ್ರಿಗೆ ಮತ್ತೆ ಕನ್ನಡ ಮೇಡಂಗೆ ನಾನೇ ನಂಬರ್ ಕೊಟ್ಟೆ, ಅವರಿಬ್ಬರೂ ನನ್ನ ಮಾತು ಕೇಳಿ ತಲಾ ₹2,499 ಹಾಕಿದ್ರು.

ಅಕ್ಟೋಬರಲ್ಲಿ ಅಮ್ಮನ ಸಹಸ್ರ ಚಂದ್ರ ದರ್ಶನ ಶಾಂತಿ ಇಟ್ಕೊಂಡಿದ್ವಿ. ತಮ್ಮ ಸ್ಟುಡಿಯೋದವ್ರಿಗೆ ಹೇಳೋಣ ಅಂದ, ನಾನು ಬೇಡ, ನಾನೇ ತೆಗೀತೀನಿ ಅಂದೆ. 412 ಫೋಟೋ. ಎಲ್ಲ ಲ್ಯಾಪ್‌ಟಾಪಿನ ಲೈಟ್‌ರೂಮಿಗೆ ಹಾಕಿ, ಸಿಂಕ್ ಆಯ್ತು ಅಂತ ತೋರಿಸಿದ ಮೇಲೆ ಕ್ಯಾಮೆರಾ ಕಾರ್ಡ್ ಫಾರ್ಮ್ಯಾಟ್ ಮಾಡಿ ಮುಂದಿನ ಭಾನುವಾರ ಹಕ್ಕಿಗೆ ಹೋದೆ. ನಂಗೆ ಗೊತ್ತಿರ್ಲಿಲ್ಲ, ನಾನು ಬಳಸ್ತಿದ್ದ ಕ್ಲೌಡ್ ಲೈಟ್‌ರೂಮಲ್ಲಿ ಅಸಲಿ ಫೈಲ್ ಕ್ಲೌಡಿಗೆ, ಅಂದ್ರೆ ಇಂಟರ್ನೆಟ್ಟಲ್ಲಿರೋ ಕಂಪನಿ ಜಾಗಕ್ಕೆ ಹೋಗಿರುತ್ತೆ, ಲ್ಯಾಪ್‌ಟಾಪಲ್ಲಿ ನಾವೇ ಸೆಟ್ಟಿಂಗ್ ಹಾಕದೆ ಇದ್ರೆ ಅಸಲಿ ಕಾಪಿ ಉಳಿಯುತ್ತೆ ಅಂತ ನಂಬೋ ಹಾಗಿಲ್ಲ.

ನವೆಂಬರ್ ಮೊದಲ ವಾರ, ಆಲ್ಬಂ ಮಾಡೋಣ ಅಂತ ತೆಗೆದ್ರೆ ಲಾಗಿನ್ನೇ ಆಗ್ತಿಲ್ಲ. ಪಾಸ್‌ವರ್ಡ್ ತಪ್ಪು ಅಂತು. ಹತ್ತು ಸಲ ಹಾಕಿದೆ. ಅಮ್ಮ ಪಕ್ಕದಲ್ಲೇ ಕನ್ನಡಕ ಹಾಕ್ಕೊಂಡು ಕೂತಿದ್ರು ನೋಡೋಕೆ.

ಅವನ ಉತ್ತರಗಳು ಹಾಗೇ ಹಾಕ್ತೀನಿ, ನಿಮಗೂ ಇದೇ ಬರುತ್ತೆ, ನೋಡ್ಕೊಳ್ಳಿ. ಮೊದಲನೇ ದಿನ: "ಸರ್ವರ್ ಅಪ್ಡೇಟ್ ಸರ್, 24 ಅವರ್ಸ್ ಟೈಮ್ ಕೊಡಿ". ಮೂರನೇ ದಿನ: "ನೀವು ಎರಡು ಡಿವೈಸಲ್ಲಿ ಹಾಕಿದೀರಾ ಸರ್, ಅದಕ್ಕೇ ಬ್ಲಾಕ್ ಆಗಿದೆ". ನನ್ನತ್ರ ಇರೋದೇ ಒಂದು ಲ್ಯಾಪ್‌ಟಾಪ್. ಫೋಟೋ ಬೇಕಪ್ಪ, ಸಾಫ್ಟ್‌ವೇರ್ ಬೇಡ, ಬರೀ ನಮ್ಮಮ್ಮನ ಫೋಟೋ ಇಳಿಸಿ ಕೊಡು ಅಂತ ಅಂಗಲಾಚಿದೆ. "ಟೆಕ್ನಿಕಲ್ ಟೀಂಗೆ ಹಾಕಿದೀನಿ ಸರ್". ಲೈಫ್‌ಟೈಮ್ ಅಂದಿದ್ರಲ್ಲ ಅಂತ ಕೇಳಿದ್ದಕ್ಕೆ ಬಂದ ಉತ್ತರ ಸಾಯೋವರೆಗೂ ಮರೆಯಲ್ಲ: "ಲೈಫ್‌ಟೈಮ್ ಅಂದ್ರೆ ಆ ಅಕೌಂಟ್ ಲೈಫ್‌ಟೈಮ್ ಸರ್, ನಿಮ್ ಲೈಫ್‌ಟೈಮ್ ಅಲ್ಲ. ಅಕೌಂಟ್ ಲೈಫ್ ಮುಗೀತು." ಅದರ ಕೆಳಗೇ, "ರಿನ್ಯೂವಲ್ ₹999 ಹಾಕಿದ್ರೆ ಡೇಟಾ ಸಮೇತ ವಾಪಸ್ ಬರುತ್ತೆ".

ಹಾಕಿದೆ. ಡೇಟಾ ಸಮೇತ ಅಂದ್ನಲ್ಲ, ಆ ಒಂದು ಮಾತಿಗೆ ಹಾಕಿದೆ.

ಬಂದಿದ್ದು ಡೇಟಾ ಅಲ್ಲ, ಒಂದು ಜಿಪ್ ಫೈಲ್ ಲಿಂಕು. "ಆ್ಯಂಟಿವೈರಸ್ ಆಫ್ ಮಾಡಿ ಸರ್, ಆಮೇಲೆ ನೆಟ್ ಆಫ್ ಮಾಡಿ, ಈ ಫೈಲ್ ರನ್ ಮಾಡಿ". ಆ್ಯಂಟಿವೈರಸ್ ಆಫ್ ಮಾಡೋಕೆ ಹೊರಟಿದ್ದೆ, ಮಗಳು ನೋಡಿ ಲ್ಯಾಪ್‌ಟಾಪ್ ಕಿತ್ಕೊಂಡ್ಲು. ಅಪ್ಪ, ಇದರಲ್ಲೇ ನಿಮ್ಮ ನೆಟ್‌ಬ್ಯಾಂಕಿಂಗ್ ಇದೆ, ಮಕ್ಕಳ ಮಾರ್ಕ್ಸ್ ಇದೆ, ಯಾರೋ ಕಳಿಸಿದ ಕ್ರ್ಯಾಕ್ (ಲೈಸೆನ್ಸ್ ಇಲ್ದೆ ಸಾಫ್ಟ್‌ವೇರ್ ಓಡಿಸೋ ಕಳ್ಳ ಫೈಲು) ಹಾಕ್ತೀರಾ ಅಂತ ರೇಗಿದ್ಲು. ಆ ಫೈಲ್ ಹಾಕಲ್ಲ, ₹999 ವಾಪಸ್ ಕೊಡಿ ಅಂದೆ. "ಡಿಜಿಟಲ್ ಪ್ರಾಡಕ್ಟ್ ನೋ ರೀಫಂಡ್ ಸರ್". ಪೊಲೀಸಿಗೆ ಹೋಗ್ತೀನಿ ಅಂದೆ. ಒಂದು ಕೈಮುಗಿಯೋ ಚಿಹ್ನೆ ಕಳಿಸಿ ಬ್ಲಾಕ್ ಮಾಡ್ದ.

ಆಮೇಲೆ ಕೂತು ಓದಿದೆ, ಮೊದಲೇ ಮಾಡಬೇಕಿದ್ದ ಕೆಲಸ. ಲೈಟ್‌ರೂಮ್, ಫೋಟೋಶಾಪ್ ಎರಡನ್ನೂ ಮಾಡೋ ಅಡೋಬಿಯವರು ಫೋಟೋಶಾಪ್ ಹೊಸ ವರ್ಷನ್ನುಗಳನ್ನ 2013ರಿಂದಲೇ ಬರೀ ಚಂದಾಕ್ಕೆ ಕೊಡ್ತಿದಾರೆ, ಒಂದೇ ಸಲ ದುಡ್ಡು ಕೊಟ್ಟು ಇಟ್ಕೋಬಹುದಾಗಿದ್ದ ಕೊನೇ ಲೈಟ್‌ರೂಮ್ ಅಂದ್ರೆ 2015ರ ಆರನೇ ವರ್ಷನ್. ಮಾಡಿದವರೇ ಮಾರದ ಲೈಫ್‌ಟೈಮನ್ನ ವಾಟ್ಸಾಪ್‌ನೋನು ಎಲ್ಲಿಂದ ತರ್ತಾನೆ?

ಇನ್ನೂ ಹೊಟ್ಟೆ ಉರಿಯೋದು ಯಾಕೆ ಅಂದ್ರೆ ನಂಗೆ ಬೇಕಿದ್ದಿದ್ದು ಪುಕ್ಕಟೆನೇ ಇತ್ತು. ನಿಕಾನ್‌ನವರೇ ಎನ್‌ಎಕ್ಸ್ ಸ್ಟುಡಿಯೋ ಅಂತ 2021ರಿಂದ ಫ್ರೀ ಕೊಡ್ತಿದಾರೆ, ಅವರ ರಾ ಫೈಲ್ ನೇರ ತೆಗೆಯುತ್ತೆ, ನನ್ನ ಬೆಳ್ಳಕ್ಕಿಗೆ ಅಷ್ಟೇ ಸಾಕಾಗಿತ್ತು. ಕ್ಯಾನನ್ ಇರೋರಿಗೆ ಅವರದ್ದೇ ಡಿಜಿಟಲ್ ಫೋಟೋ ಪ್ರೊಫೆಷನಲ್ ಇದೆ. ಯಾವ ಕ್ಯಾಮೆರಾ ಆದ್ರೂ ಡಾರ್ಕ್‌ಟೇಬಲ್, ರಾಥೆರಪಿ ಇವೆ, ಡಾರ್ಕ್‌ಟೇಬಲ್ ಮೊದಲೆರಡು ವಾರ ತಲೆ ತಿನ್ನುತ್ತೆ, ಆಮೇಲೆ ಕೈಗೆ ಕೂರುತ್ತೆ. ಹಳೇ ಫೋಟೋ ಕಲೆ ತೆಗೆಯೋದು, ಹಿನ್ನೆಲೆ ಬದಲಾಯಿಸೋದು ಇಂಥದ್ದಕ್ಕೆ ಗಿಂಪ್. ದುಡ್ಡು ಕೊಟ್ಟು ತಗೋಬೇಕಿದ್ದ ಅಫಿನಿಟಿನೂ 2025ರ ಅಕ್ಟೋಬರ್ ಕೊನೆಗೆ ಫ್ರೀ ಆಯ್ತು, ಅಂದ್ರೆ ನಾನು ಆ ₹999 ಹಾಕೋ ಕೆಲವೇ ದಿನ ಮುಂಚೆ. ಫೋನಲ್ಲೇ ಸಾಕು ಅನ್ನೋರಿಗೆ ಸ್ನ್ಯಾಪ್‌ಸೀಡ್. ಎಲ್ಲನೂ ಮಾಡಿದವರ ಸ್ವಂತ ವೆಬ್‌ಸೈಟಿಂದಲೇ ಇಳಿಸ್ಕೊಳ್ಳಿ. ಲೈಟ್‌ರೂಮೇ ಬೇಕು ಅಂದ್ರೆ ಕಂಪನಿಗೇ ಕಟ್ಟಿ, ನಿಮ್ಮ ಸ್ವಂತ ಇಮೇಲಲ್ಲಿ. ಬೇರೆಯವರ ಇಮೇಲಲ್ಲಿ ಒಳಗೆ ಹೋಗೋ ಯಾವುದೂ ನಿಮ್ಮದಲ್ಲ. ಏನೇ ಬಳಸಿ, ಫೋಟೋ ಬೇರೆ ಎರಡು ಕಡೆ ಇಡೋವರೆಗೂ ಕಾರ್ಡ್ ಫಾರ್ಮ್ಯಾಟ್ ಮಾಡಬೇಡಿ, ಕಾಲಿಗೆ ಬಿದ್ದು ಹೇಳ್ತೀನಿ.

ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಿ ಕಂಪ್ಲೇಂಟ್ ಕೊಟ್ಟಿದೀನಿ. ಯುಪಿಐ ಯುಟಿಆರ್ ನಂಬರ್ (ದುಡ್ಡು ಹೋದ ವಹಿವಾಟಿನ ನಂಬರ್) ಕೇಳ್ತಾರೆ, ಚಾಟ್ ಸ್ಕ್ರೀನ್‌ಶಾಟ್ ಬೇಕು, ಬ್ಲಾಕ್ ಮಾಡಿದ್ರೂ ಚಾಟ್ ಅಳಿಸಬೇಡಿ. ದುಡ್ಡು ಹಾಕಿದ ದಿನವೇ ಫೋನ್ ಮಾಡಿದ್ರೆ ತಡೆ ಹಿಡಿಯೋಕೆ ದಾರಿ ಇರುತ್ತೆ, ನನ್ನ ಥರ ನಾಚಿಕೆ ಅಂತ ಹತ್ತು ದಿನ ಕೂರಬೇಡಿ.

ಕಾರ್ಡ್‌ಗೆ ಫೋಟೋರೆಕ್ ಅಂತ ಅಳಿಸಿಹೋದ ಫೋಟೋ ಹುಡುಕಿ ಕೊಡೋ ಫ್ರೀ ಸಾಫ್ಟ್‌ವೇರ್ ಹಾಕಿ ಮೂರು ರಾತ್ರಿ ಕೂತೆ. ಮೇಲೆ ಹಕ್ಕಿ ಫೋಟೋ ತೆಗೆದು ತುಂಬಿಸಿದ್ದೆನಲ್ಲ, ಅವು ಕೂತ ಜಾಗದ್ದು ಬರಲಿಲ್ಲ. 96 ಸಿಕ್ಕಿದೆ, ಹೆಚ್ಚಿನದು ಹೋಮದ್ದು, ಊಟದ ಪಂಕ್ತಿದು. ಅಮ್ಮಂಗೆ ಮೊಮ್ಮಕ್ಕಳೆಲ್ಲ ಆರತಿ ಎತ್ತಿದ್ದು ಒಂದೂ ಇಲ್ಲ. ಈಗ ನೆಂಟರ ಫೋನಲ್ಲಿದ್ದಿದ್ದು ಒಂದೊಂದೇ ಕೇಳಿ ತರಿಸ್ಕೊಳ್ತಿದೀನಿ.

ಡ್ರಾಯಿಂಗ್ ಮೇಷ್ಟ್ರಿಗೆ ಅವರ ದುಡ್ಡು ನಾನೇ ಕೊಟ್ಟೆ, ತಗೊಂಡ್ರು. ಮೇಡಂ ತಗೊಳ್ಳಲಿಲ್ಲ. "ಬಿಡಿ ಸರ್, ನೀವೇನು ಬೇಕಂತ ಮಾಡಿದ್ರಾ" ಅಂದ್ರು. ಕವರ್ ಇನ್ನೂ ನನ್ನ ಬ್ಯಾಗಲ್ಲೇ ಇದೆ, ಸೋಮವಾರ ಮತ್ತೆ ಕೊಟ್ಟು ನೋಡ್ತೀನಿ.